ನಿರಾಶ್ರಿತ ಅಜ್ಜಿಯ ಬದುಕನ್ನು ಬರೆದುಕೊಳ್ಳುವ ಕ್ರಮ

ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ, ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳ ಹಿರಿಯ ಹೆಂಗಸರ ನೆನಪುಗಳನ್ನು ಬರೆದಿಟ್ಟುಕೊಳ್ಳಬೇಕೆಂದಿರುವ ವಿದ್ಯಾರ್ಥಿಗಳು ಕಾಂಬೋಡಿಯಾದ ನಿರಾಶ್ರಿತ ಅಜ್ಜಿಯರ ಬದುಕಿನಿಂದ ಕಲಿಯಬೇಕಾದದ್ದು ಬಹಳವಿದೆ.

ಮೊದಲನೆಯದಾಗಿ, ಇಸವಿಯನ್ನು ಕೇಳಬೇಡಿ. ಕಾಂಬೋಡಿಯಾದ ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಸೈನಿಕರು ರಾಜಧಾನಿ ನಾಮ್ ಪೆನ್ ನಗರವನ್ನು ಹಿಡಿದು ಜನರನ್ನೆಲ್ಲ ಹೊರದೂಡಿದ್ದು 1975ರ ಏಪ್ರಿಲ್ 17ರಂದು. ಅದನ್ನು ಕಂಡ ಕಾಂಬೋಡಿಯಾದ ಅಜ್ಜಿ ‘ಮೊಲದ ವರ್ಷ, ಹೊಸವರ್ಷದ ಹಬ್ಬ ಮುಗಿದಿತ್ತಷ್ಟೆ’ ಎಂದಾಳು; ಅಲ್ಲಿ ವರ್ಷಗಳನ್ನು ಹನ್ನೆರಡು ಪ್ರಾಣಿಗಳ ಹೆಸರಿನಿಂದ ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ರಾಕ್ಷಸ ಸಂವತ್ಸರ. ಸಿಂಧನೂರಿನಲ್ಲಾದರೆ 1971ರ ಯುದ್ಧ, ಅದರ ಮರುವರ್ಷದ ಬರಗಾಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಹಿರಿಯ ಮಗನ ಹುಟ್ಟು ಇವುಗಳನ್ನು ಹಿಡಿದು ಕೇಳಿ. ಅವರ ಮಾತನ್ನು ಇದ್ದಂತೆಯೇ ಬರೆದು, ಇಸವಿಯನ್ನು ನೀವೇ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಕಾಗದದಲ್ಲಿರುವ ವಯಸ್ಸಿಗೂ ಬಾಯಲ್ಲಿ ಹೇಳುವ ವಯಸ್ಸಿಗೂ ತಾಳೆಯಾಗದಿದ್ದರೆ ವಾದಿಸಬಾರದು. 1979ರ ನವೆಂಬರ್‌ನಲ್ಲಿ ತೆರೆದ ಖಾವೊ ಇ ದಾಂಗ್‌ನಂತಹ ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ, ಕುಟುಂಬ ಚದುರಿಹೋಗದಿರಲೆಂದು ಸೋದರಳಿಯನನ್ನು ಮಗನೆಂದು, ದೊಡ್ಡವನನ್ನು ಚಿಕ್ಕವನೆಂದು ಬರೆಸಿದವರಿದ್ದರು. ಕಾಗದದಲ್ಲಿರುವುದು, ಬಾಯಲ್ಲಿ ಹೇಳಿದ್ದು ಎರಡನ್ನೂ ಬರೆದುಕೊಳ್ಳಿ.

ಮಾತಿಗೆ ಅಡುಗೆಮನೆಯಿಂದಲೇ ತೊಡಗುವುದು ಒಳ್ಳೆಯದು. ಖ್ಮೇರ್ ರೂಜ್ ನಾಯಕ ಪೋಲ್ ಪೋಟ್‌ನ ಆಳ್ವಿಕೆಯಲ್ಲಿ ಮನೆಯ ಒಲೆ ನಿಂತು, ಎಲ್ಲರೂ ಸಾಮೂಹಿಕ ಚಪ್ಪರದಲ್ಲಿ ನೀರುಗಂಜಿ ಕುಡಿಯಬೇಕಾಗಿದ್ದುದರಿಂದ, ಊಟದ ಬಗ್ಗೆ ಕೇಳಿದರೆ ಹಸಿವು, ದುಡಿತ, ಸಾವು ಎಲ್ಲವೂ ತಾವಾಗಿಯೇ ಬರುತ್ತವೆ. ಯಾರು ಸತ್ತರು ಎಂದು ಕೆದಕುವ ಅಗತ್ಯವಿಲ್ಲ. ಮೀನು-ಅನ್ನದ ಮನೆಯಲ್ಲಿ ಜೋಳದ ರೊಟ್ಟಿ ಮೊದಲು ತಟ್ಟಿದ್ದು ಯಾವಾಗ, ಕಲಿಸಿದ ನೆರೆಯವರು ಯಾರು ಎಂಬ ಪ್ರಶ್ನೆಯಂತೂ ಕ್ಯಾಂಪಿನಲ್ಲಿ ಒಂದು ಮಧ್ಯಾಹ್ನಕ್ಕೆ ಸಾಕಾಗುತ್ತದೆ.

ಕನ್ನಡ ಶಾಲೆಯಲ್ಲಿ ಓದಿದ ಮೊಮ್ಮಗಳು ದುಭಾಷಿಯಾಗಲು ಮುಂದೆ ಬರುತ್ತಾಳೆ. ಕುಶಲೋಪರಿಗೆ ಅವಳು ಸಾಕು. ಆದರೆ ಮಕ್ಕಳೆದುರು ಹೇಳಲಾಗದ್ದನ್ನು ಅಜ್ಜಿ ಅವಳ ಮೂಲಕ ಹೇಳಲಾರಳು. ಹೇಳಿದರೂ ಮೊಮ್ಮಗಳು ಅದನ್ನು ಮೃದುಗೊಳಿಸಿಯೇ ದಾಟಿಸುತ್ತಾಳೆ. ಆದ್ದರಿಂದ ಅಜ್ಜಿಗೆ ತಿಳಿದ ಭಾಷೆಯಲ್ಲಿಯೇ ಧ್ವನಿಮುದ್ರಿಸಿಕೊಂಡು, ಅವಳ ಒಪ್ಪಿಗೆ ಪಡೆದು, ಕುಟುಂಬದ ಹೊರಗಿನ ಹಿರಿಯ ಹೆಂಗಸೊಬ್ಬರಿಂದ ಆಮೇಲೆ ಕನ್ನಡಕ್ಕೆ ಹೇಳಿಸಿಕೊಳ್ಳಬೇಕು.

ಅಜ್ಜಿ ಸುಮ್ಮನಾದರೆ ಯಂತ್ರವನ್ನು ನಿಲ್ಲಿಸಿಬಿಡಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನೆಲೆಸಿದ ಅನೇಕ ಕಾಂಬೋಡಿಯಾ ಹೆಂಗಸರಿಗೆ, ಕಣ್ಣಿನಲ್ಲಿ ದೋಷವಿಲ್ಲದೆಯೇ ದೃಷ್ಟಿ ಮಂಕಾದುದನ್ನು ವೈದ್ಯರು ಗುರುತಿಸಿದ್ದರು. ನೋಡಬಾರದ್ದನ್ನು ನೋಡಿದವರನ್ನು ಮತ್ತೆ ಮತ್ತೆ ಅಲ್ಲಿಗೇ ಎಳೆಯುವುದು ಸಂಶೋಧನೆಯಲ್ಲ, ಹಿಂಸೆ.

ಪೌರತ್ವದ ಕಾಗದಗಳನ್ನು ತೋರಿಸಿದರೆ ನೋಡಿ ಹಿಂದಿರುಗಿಸಿ, ಚಿತ್ರ ತೆಗೆಯಬೇಡಿ. ಬರೆದದ್ದನ್ನು ಅವರಿಗೆ ಓದಿಹೇಳಿ, ಬೇಡವೆಂದ ಭಾಗವನ್ನು ಕಾರಣ ಕೇಳದೆ ತೆಗೆದುಹಾಕಿ, ಧ್ವನಿಮುದ್ರಿಕೆಯ ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ.