ಲಾಸ್ ಸ್ಯಾಂಟೋಸ್‌ಗೆ ಮಳೆ ತರಿಸಿದ್ದು

ಜಿಟಿಎ ಸ್ಯಾನ್ ಆಂಡ್ರಿಯಾಸ್ ಎಂಬ ಕಂಪ್ಯೂಟರ್ ಆಟದ ಹವಾಮಾನ ಪಟ್ಟಿಯಲ್ಲಿ ಲಾಸ್ ಸ್ಯಾಂಟೋಸ್ ಊರಿನ ಪಾಲಿಗೆ ಮಳೆಯೇ ಇಲ್ಲ. ಬಿಸಿಲು, ಹೊಗೆ, ಮೋಡ, ಅಷ್ಟೆ. ಶಿರಸಿಯಲ್ಲಿ ಬೆಳೆದವರು ಇದನ್ನು ಎಷ್ಟು ದಿನ ಸಹಿಸೋದು? ಆಟದೊಳಗೆ ಸಂಜೆ ಏಳಾದರೆ ಮಳೆ ಸುರಿಸುವ ಕ್ಲಿಯೋ ಸ್ಕ್ರಿಪ್ಟ್ ಒಂದು ಇಳಿಸಿಕೊಂಡು ಆಡುತ್ತಿದ್ದೆ. (ಆಟಕ್ಕೆ ಹೊರಗಿನವರು ಬರೆದ ಪುಟ್ಟ ಸ್ಕ್ರಿಪ್ಟುಗಳನ್ನು ಓಡಿಸುವ ಸಲಕರಣೆ ಕ್ಲಿಯೋ.) ಕುಮಟೆಯ ಮಾವನ ಮಗ ಬಂದಾಗ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ರಾತ್ರಿ ಅವನ ಫೋನು: “ಭಾವ, ಮಳೆನೇ ಬತ್ತಿಲ್ಲೆ!”

ಆಟದ ಆವೃತ್ತಿ ನನ್ನದು 1.0, ಅವನದು 1.01. ಆಡುವಾಗ ಎರಡೂ ಒಂದೇ. ಕ್ಲಿಯೋ 4 ಎರಡರಲ್ಲೂ ಓಡುತ್ತದೆ, ಹಾಗಾಗಿ ಕ್ಲಿಯೋ ಮೇಲೆ ಅನುಮಾನ ಇರಲಿಲ್ಲ. ಸ್ಕ್ರಿಪ್ಟಿನ .ಸಿಎಸ್ ಫೈಲನ್ನು, ಇಂಥವನ್ನು ಬರೆಯುವ-ತಿದ್ದುವ ಸ್ಯಾನಿ ಬಿಲ್ಡರ್‌ನಲ್ಲಿ ಬಿಚ್ಚಿದೆ. ಗಂಟೆ ಎಷ್ಟಾಯಿತು ಅಂತ ತಿಳಿಯಲು ಬರೆದವರು 0ಎ8ಡಿ ಆಪ್‌ಕೋಡ್ (ಆಟಕ್ಕೆ ಕೊಡುವ ಆದೇಶದ ಸಂಖ್ಯೆ) ಬಳಸಿ 0ಎಕ್ಸ್‌ಬಿ70153 ಎಂಬ ಮೆಮೊರಿ ವಿಳಾಸವನ್ನೇ ನೇರ ಓದಿದ್ದರು. 1.0ದಲ್ಲಿ ಆಟದ ಗಂಟೆ ಇರುವುದು ಅಲ್ಲೇ. 1.01ರಲ್ಲಿ ಎಕ್ಸಿ ಫೈಲ್, ಅಂದರೆ ಆಟದ ಮೂಲ ಪ್ರೋಗ್ರಾಮೇ ಬೇರೆ, ವಿಳಾಸಗಳು ಜರುಗಿವೆ. ಆ ಜಾಗದಲ್ಲಿ ಬೇರೇನೋ ಕೂತಿರುತ್ತದೆ. ಸಂಜೆ ಏಳು ಅಂದರೆ ಆಟದ ಲೆಕ್ಕದಲ್ಲಿ 19, ಆ ಅಂಕೆ ಸಿಗದಿದ್ದರೆ ಮಳೆ ಎಲ್ಲಿಂದ ಬರಬೇಕು! ಬರೀ ಓದಿದ್ದಕ್ಕೆ ಇಷ್ಟಕ್ಕೇ ಮುಗಿಯಿತು. ಮೆಮೊರಿಗೆ ಬರೆಯುವ 0ಎ8ಸಿ ಹಾಕಿ ಅಲ್ಲಿಗೆ ಏನಾದರೂ ಬರೆದಿದ್ದರೆ ಆಟ ಮಗುಚಿ ಬೀಳುವ ಸಂಭವವೂ ಇತ್ತು.

ಇಂಥ ಕಡೆ ಕೆಲವರು ಆವೃತ್ತಿಗೊಂದು ವಿಳಾಸ ಹುಡುಕಿ ಸ್ಕ್ರಿಪ್ಟ್ ಒಳಗೆ ಉದ್ದದ ಪಟ್ಟಿ ಮಾಡುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಗಂಟೆ ಹೇಳಲು ಆಟದಲ್ಲೇ 00ಬಿಎಫ್ ಆಪ್‌ಕೋಡ್ ಇದೆ: ಗಂಟೆಯನ್ನೂ ನಿಮಿಷವನ್ನೂ ತಂದು ಕೊಡುತ್ತದೆ, ವಿಳಾಸದ ಗೊಡವೆ ಇಲ್ಲ. ಹಳೆಯ ಸಾಲು ತೆಗೆದು ಅದನ್ನು ಹಾಕಿದೆ, ಫಲಿತಾಂಶ 0@, 1@ ಎಂಬ, ಆ ಸ್ಕ್ರಿಪ್ಟಿಗಷ್ಟೇ ಸೇರಿದ ಲೋಕಲ್ ವೇರಿಯೇಬಲ್‌ಗಳಿಗೆ. ಮೊದಲು ಅಲ್ಲಿ ಡಾಲರ್ ಚಿಹ್ನೆಯ ಗ್ಲೋಬಲ್ ಇತ್ತು. ಗ್ಲೋಬಲ್‌ಗಳು ಆಟದ ಮುಖ್ಯ ಸ್ಕ್ರಿಪ್ಟಾದ ಮೇನ್.ಎಸ್‌ಸಿಎಂ ಜೊತೆ ಹಂಚಿಕೊಳ್ಳುವ ಜಾಗ, ಮಿಷನ್ನಿನ ಲೆಕ್ಕ ಕೆಟ್ಟರೆ ಆಮೇಲೆ ಕಾರಣವೇ ಸಿಗುವುದಿಲ್ಲ. ಲೂಪಿನ ತಲೆಯಲ್ಲಿ ವೇಟ್ 0 (ಪ್ರತಿ ಸುತ್ತಿಗೂ ಆಟಕ್ಕೆ ಮುಂದುವರಿಯಲು ಬಿಡುವ ಸಾಲು) ಇದೆಯಾ ನೋಡಿಕೊಂಡೆ. ಅದಿಲ್ಲದಿದ್ದರೆ ಆಟ ನಿಂತಲ್ಲೇ ನಿಲ್ಲುತ್ತದೆ.

ಮಳೆ ತರುವ ಸಾಲು ಮೊದಲೇ ಸರಿಯಿತ್ತು: 01ಬಿ6, ಮುಂದೆ ಹವಾಮಾನದ ಸಂಖ್ಯೆ 8. ಅದು ಸ್ಯಾನ್ ಫಿಯರೋ ಮಳೆ. ನಾನು 16 ಮಾಡಿದೆ, ಹಳ್ಳಿಗಾಡಿನ ಮಳೆ. ಇದಕ್ಕೆ ತಾಂತ್ರಿಕ ಕಾರಣ ಏನೂ ಇಲ್ಲ, ಘಟ್ಟದ ಮೇಲಿನವನ ಹಟ.

ಕಂಪೈಲ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಕುಮಟೆಯಲ್ಲೂ ಮಳೆ ಬಂತು.

ಎಲ್ಲ ಸ್ಕ್ರಿಪ್ಟೂ ಹೀಗೆ ಸಲೀಸಲ್ಲ. ಕ್ಲಿಯೋ 3ರ ಕಾಲದ ಒಂದು ಸ್ಕ್ರಿಪ್ಟ್ ಕೈಕೊಟ್ಟಾಗ ಫೈಲ್ ಹೆಸರಿನ ಬಾಲವನ್ನು .ಸಿಎಸ್3 ಮಾಡಿದ್ದೇ ಸಾಕಾಯಿತು, ಹಳೇ ರೀತಿಯಲ್ಲೇ ಓಡಿತು. ಆದರೆ ಎಕ್ಸಿ ಒಳಗಿನ ಫಂಕ್ಷನ್ನನ್ನೇ 0ಎಎ5ರಿಂದ ಕರೆಯುವಂಥವಕ್ಕೆ ಬದಲಿ ಆಪ್‌ಕೋಡ್ ಸಿಗುವುದು ಅಪರೂಪ. ಅಂಥವಕ್ಕೆ ಮೊದಲಲ್ಲೇ ಆವೃತ್ತಿ ನೋಡುವ 0ಎಎ9 ಹಾಕಿ, ಆಟ 1.0 ಅಲ್ಲದಿದ್ದರೆ ಸ್ಕ್ರಿಪ್ಟ್ ಸುಮ್ಮನೆ ಮುಗಿಯುವಂತೆ ಮಾಡುತ್ತೇನೆ. ಇದೇ ಆಟವನ್ನು ಹೊಸದಾಗಿ ಮಾಡಿದ 2021ರ ಡೆಫಿನಿಟಿವ್ ಎಡಿಷನ್‌ನಲ್ಲಿ ಕ್ಲಿಯೋ 4 ಓಡುವುದಿಲ್ಲ, ಅದರ ಎಂಜಿನ್ನೇ ಬೇರೆ. ಮಾವನ ಮಗ ಈಗ ಅದನ್ನೇ ಕೊಳ್ಳುವ ಯೋಚನೆಯಲ್ಲಿದ್ದಾನೆ.