ಮಿಯಗಾವ್‌ನಲ್ಲಿ ಅಮ್ಮನ ಬಳಗ ಹುಡುಕಿಕೊಂಡ ಬಗೆ

ಅಪ್ಪ ಹೊನ್ನಾವರದವರು, ಅಮ್ಮ ಫಿಲಿಪೈನ್ಸ್‌ನವಳು. ಅಮ್ಮ ಕುವೈತ್‌ನಲ್ಲಿ ನರ್ಸ್ ಆಗಿದ್ದಾಗ ಇಬ್ಬರಿಗೂ ಪರಿಚಯವಾಗಿ ಮದುವೆಯಾಯಿತು. ನಾನು ಬೆಳೆದದ್ದು ಹೊನ್ನಾವರದಲ್ಲೇ. ಅಮ್ಮನ ಊರಿಗೆ ಕೊನೆಯ ಸಲ ಹೋದಾಗ ನನಗೆ ಒಂಬತ್ತು ವರ್ಷ. ಆಮೇಲೆ ಇಪ್ಪತ್ತೆರಡು ವರ್ಷ ಅಲ್ಲಿನ ನೆಂಟರೆಲ್ಲ ಫೋನಿನಲ್ಲಿ ಕೈ ಬೀಸುವ ಮುಖಗಳಾಗಿಯೇ ಉಳಿದರು. ಹೋದ ವರ್ಷ ಅಕ್ಟೋಬರ್ ಕೊನೆಗೆ ಅಮ್ಮನ ಜೊತೆ ಹೊರಟೆ.

ಹೋಗುವ ಮುಂಚೆ ಮೂರು ತಿಂಗಳು ಕೂತು ಫಿಲಿಪೈನ್ಸ್‌ನ ಮುಖ್ಯ ಭಾಷೆ ಟಗಾಲೊಗ್ ಕಲಿತೆ. ಅಮ್ಮ ನೋಡಿ ಸುಮ್ನೆ ನಗುತ್ತಿದ್ದಳು. ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಅಮ್ಮನ ಊರು ಮಿಯಗಾವ್ ಇರುವುದು ಪನಾಯ್ ದ್ವೀಪದಲ್ಲಿ, ಇಲೊಯಿಲೊ ನಗರದಿಂದ ಸುಮಾರು 40 ಕಿ.ಮೀ. ದೂರ. ಮನೆಮಾತು ಕಿನರಾಯ್‌-ಆ, ಪೇಟೆಗೆ ಹೋದರೆ ಹಿಲಿಗೈನೊನ್. ಟಗಾಲೊಗ್ ಏನಿದ್ದರೂ ಶಾಲೆಯ ಮಾತು, ಟೀವಿಯ ಮಾತು. ಹೊನ್ನಾವರದ ಅಜ್ಜಿಯ ಮುಂದೆ ಯಾರೋ ಶುದ್ಧ ಹಿಂದಿಯಲ್ಲಿ ಕ್ಷೇಮ ವಿಚಾರಿಸಿದ ಹಾಗಿತ್ತು ನನ್ನ ಸ್ಥಿತಿ. ದೊಡ್ಡಮ್ಮಂದಿರು ಬಾಯಿಗೆ ಸೆರಗಿಲ್ಲದ ಕಾರಣ ಅಂಗೈ ಮುಚ್ಚಿಕೊಂಡು ನಕ್ಕರು. ಹಿರಿಯರ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಳ್ಳುವುದು ಮಾತ್ರ ನನಗೆ ನೆನಪಿತ್ತು. ಅದೊಂದು ಮಾನ ಉಳಿಸಿತು. ಕೈ ಬಿಡಿಸಿಕೊಂಡ ಕೂಡಲೇ ಅಜ್ಜಿಯ ತಂಗಿ ಹೇಳಿದ ಮೊದಲ ಮಾತು, ‘ತಂಬೊಕ್.’ ದಪ್ಪಗಾಗಿದ್ದೀಯ ಅಂತ. ಈ ವಿಷಯದಲ್ಲಿ ಎರಡೂ ಕಡೆಯ ನೆಂಟರು ಒಂದೇ.

ಎರಡನೇ ತಪ್ಪು ಪಸಲುಬೊಂಗ್‌ದು. ದೂರದಿಂದ ಬಂದವರು ತರಲೇಬೇಕಾದ ಉಡುಗೊರೆ ಅದು. ನಾನು ಹನ್ನೆರಡು ಮೈಸೂರು ಸ್ಯಾಂಡಲ್ ಸಾಬೂನು ಒಯ್ದಿದ್ದೆ. ಲೆಕ್ಕ ಹಾಕಿದರೆ ಹತ್ತೊಂಬತ್ತು ಮನೆ! ಅಮ್ಮ ಚಾಕು ತಗೊಂಡು ಕೆಲವನ್ನು ಅರ್ಧ ಮಾಡಿದಳು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಟಗಾಲೊಗ್‌ನಲ್ಲೂ ಸಾಬೂನಿಗೆ ‘ಸಬೋನ್’ ಅಂತಲೇ ಹೇಳುತ್ತಾರೆ. ನನಗೆ ಅರ್ಥವಾದ ಮೊದಲ ಮಾತು ಅದೇ ಇರಬೇಕು.

ಮೊದಲ ಮೂರು ದಿನ ನಾನು ಅತಿಥಿ. ಕುರ್ಚಿ ಕೊಡುತ್ತಿದ್ದರು, ತಿನ್ನಲು ಕೊಡುತ್ತಿದ್ದರು, ಇಂಗ್ಲಿಷಿನಲ್ಲಿ ಎರಡು ಮಾತಾಡಿ ಎದ್ದು ಹೋಗುತ್ತಿದ್ದರು. ಹೀಗೇ ಇದ್ದರೆ ಆಗಲ್ಲ ಅನ್ನಿಸಿ, ನಾಲ್ಕನೇ ದಿನ ದೊಡ್ಡಮ್ಮನ ಹತ್ತಿರ ಹೋಗಿ ‘ನನಗೂ ಏನಾದರೂ ಕೆಲಸ ಕೊಡಿ’ ಅಂದೆ. ಅವರು ಒಂದು ಡಬ್ಬಿ ಕಪ್ಪು ಪೇಂಟು, ಒಂದು ಸಣ್ಣ ಬ್ರಷ್ ಕೈಗಿಟ್ಟರು.

ನವೆಂಬರ್ 1ಕ್ಕೆ ಅಲ್ಲಿ ಉಂದಾಸ್. ಹಿರಿಯರ ಹಬ್ಬ. ಅದಕ್ಕೆ ಮುಂಚೆ ಸಮಾಧಿಗಳನ್ನು ತೊಳೆದು, ಬಿಳಿ ಬಳಿದು, ಮಾಸಿದ ಹೆಸರುಗಳನ್ನು ಮತ್ತೆ ತಿದ್ದುತ್ತಾರೆ. ಬಿಸಿಲಲ್ಲಿ ಮಂಡಿಯೂರಿ ಕೂತು ನಾನು ಒಂದೊಂದೇ ಅಕ್ಷರ ತಿದ್ದಿದೆ. ಅಲ್ಲಿಯ ಹೆಸರಿನಲ್ಲಿ ನಡುವೆ ಬರುವುದು ತಾಯಿಯ ತವರಿನ ಅಡ್ಡಹೆಸರು. ಹಾಗಾಗಿ ಪ್ರತಿ ಕಲ್ಲೂ ಎರಡು ಮನೆಯ ಕಥೆ ಹೇಳುತ್ತದೆ. ಮುತ್ತಜ್ಜನ ನಡುಹೆಸರು ಪಕ್ಕದ ಸಾಲಿನ ಸಮಾಧಿಯಲ್ಲಿ ಕೊನೆಯ ಹೆಸರಾಗಿ ಕಂಡಾಗ, ಓ, ಇವರು ಹೀಗೆ ಸಂಬಂಧ ಅಂತ ತಲೆಗೆ ಹೋಯಿತು. ಆ ಅಡ್ಡಹೆಸರುಗಳಿಗೂ ಒಂದು ಕಥೆ ಇದೆ. 1849ರಲ್ಲಿ, ಸ್ಪೇನಿನ ಆಳ್ವಿಕೆಯ ಕಾಲದಲ್ಲಿ, ಗವರ್ನರ್ ಜನರಲ್ ಕ್ಲಾವೇರಿಯಾ ಪಟ್ಟಿ ಮಾಡಿಸಿ ಹಂಚಿಸಿದ್ದು. ಕೆಲವು ಊರುಗಳಿಗೆ ಒಂದೇ ಅಕ್ಷರದಿಂದ ಶುರುವಾಗುವ ಹೆಸರುಗಳೇ ಬಂದವು. ಈಗಲೂ ಅಡ್ಡಹೆಸರು ಕೇಳಿ ಊರು ಹೇಳುವವರಿದ್ದಾರೆ.

ಒಂದು ಕಲ್ಲಿನಲ್ಲಿ ‘ಎನ್’ ಅಕ್ಷರದ ಮೇಲಿನ ಸೊಟ್ಟ ಗೆರೆ ಬಿಟ್ಟುಬಿಟ್ಟಿದ್ದೆ. ಅಮ್ಮನ ತಮ್ಮ ಬಂದು ನೋಡಿ, ಏನೂ ಹೇಳದೆ ಬೆಂಕಿಕಡ್ಡಿಯನ್ನು ಪೇಂಟಿನಲ್ಲಿ ಅದ್ದಿ ಆ ಗೆರೆ ಎಳೆದರು. ಆಮೇಲೆ ನನ್ನ ಪಕ್ಕದಲ್ಲೇ ಕೂತು, ಆ ಕಲ್ಲಿನ ಕೆಳಗಿರುವ ಅಜ್ಜಿ ಎಷ್ಟು ಜಗಳಗಂಟಿ ಅಂತ ಅರ್ಧ ಗಂಟೆ ಹೇಳಿದರು. ಆ ಮಾವನಿಗೆ ಅರವತ್ತು ದಾಟಿದೆ, ಕರೆಯುವ ಹೆಸರು ‘ಬಾಯ್.’ ಇನ್ನೊಬ್ಬರು ‘ಬೇಬಿ.’ ನೀವು ವಂಶವೃಕ್ಷ ಬರೆಯುವುದಾದರೆ ಕಾಗದದ ಹೆಸರು, ಕರೆಯುವ ಹೆಸರು ಎರಡನ್ನೂ ಬರೆದುಕೊಳ್ಳಿ. ಇಲ್ಲದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ನನಗೆ ಹಾಗಾಗಿದೆ.

ಮಾವ, ಚಿಕ್ಕಪ್ಪ ಎಲ್ಲರೂ ಅಲ್ಲಿ ‘ತಿತೋ’. ಅತ್ತೆ, ಚಿಕ್ಕಮ್ಮ ಎಲ್ಲರೂ ‘ತಿತಾ’. ನಮ್ಮಲ್ಲಿ ಯಾಕೆ ಬೇರೆ ಬೇರೆ ಅಂತ ಕೇಳಿದರು. ಮಾವನ ಮಗಳನ್ನು ಮದುವೆಯಾಗಬಹುದು, ಚಿಕ್ಕಪ್ಪನ ಮಗಳನ್ನು ಆಗುವ ಹಾಗಿಲ್ಲ ಅಂದೆ. ಅಡುಗೆಮನೆ ಒಂದು ಕ್ಷಣ ಗಪ್‌ಚುಪ್. ಅಲ್ಲಿ ಕಾನೂನಿನಲ್ಲೇ ಅಂಥ ಮದುವೆ ನಡೆಯುವುದಿಲ್ಲ. ಬಾಯ್ ಮಾವನ ಮಗ ಕುರ್ಚಿಯನ್ನು ನನ್ನಿಂದ ಸ್ವಲ್ಪ ಆಚೆ ಸರಿಸಿಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಡುಗೆಯಲ್ಲಿ ಇನ್ನೊಂದು ಅಚ್ಚರಿ. ಅವರ ಹೆಸರಾಂತ ಸಾರಿಗೆ ಕದ್ಯೋಸ್, ಹಂದಿಮಾಂಸ, ಹಲಸಿನಕಾಯಿ ಬೀಳುತ್ತದೆ. ಕದ್ಯೋಸ್ ಅಂದರೆ ನಮ್ಮ ತೊಗರಿ, ಬೇಳೆ ಮಾಡದೆ ಇಡೀ ಕಾಳು. ಸಾರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಾನು ಹಂದಿ ತಿನ್ನುವವಳಲ್ಲ ಅಂತ ದೊಡ್ಡಮ್ಮ ಕೋಳಿ ಹಾಕಿ ಬೇರೆ ಮಾಡಿದರು. ಹುಳಿಗೆ ಬಟುವಾನ್ ಅನ್ನುವ ಹಸಿರು ಕಾಯಿ. ಕಚ್ಚಿ ನೋಡಿದೆ. ಮುರುಗಲು, ಉಪ್ಪಾಗೆಯ ಅದೇ ಕುಲದ್ದು. ಹೊನ್ನಾವರದಲ್ಲಿ ಅಮ್ಮ ಯಾವಾಗಲೂ ಮೀನಿನ ಸಾರಿಗೆ ಉಪ್ಪಾಗೆ ಜಾಸ್ತಿ ಹಾಕುತ್ತಿದ್ದದ್ದು ಯಾಕೆ ಅಂತ ಆವತ್ತು ತಿಳಿಯಿತು.

ಊರಿನ ಇಗರ್ಜಿ 1797ರದ್ದು, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಮುಂಗೋಡೆಯ ಮೇಲೆ ತೆಂಗಿನಮರ, ಪಪ್ಪಾಯಿ ಗಿಡ ಕೆತ್ತಿದ್ದಾರೆ. ಚೆನ್ನಾಗಿದೆ, ನೋಡಿ ಬಂದೆವು. ಆದರೆ ನನಗೆ ನೆನಪಿರುವುದು ಉಂದಾಸ್ ರಾತ್ರಿಯ ಸ್ಮಶಾನ. ಸಾವಿರಾರು ಮೇಣದಬತ್ತಿ. ಕರಗಿದ ಮೇಣ ಕೆರೆದು ಉಂಡೆ ಕಟ್ಟುವ ಮಕ್ಕಳು. ತೆಂಗಿನ ಎಳೆಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಇಬೋಸ್, ಥೇಟ್ ನಮ್ಮ ಮೂಡೆಯ ತಂಗಿ. ಮನಿಲಾದಿಂದ, ಸೆಬುವಿನಿಂದ ನೆಂಟರೆಲ್ಲ ಅವತ್ತು ಅಲ್ಲಿಗೇ ಬರುತ್ತಾರೆ. ಹತ್ತೊಂಬತ್ತು ಮನೆ ಸುತ್ತುವ ಕೆಲಸ ಒಂದೇ ರಾತ್ರಿಗೆ ಮುಗಿಯಿತು. ರಜೆಯನ್ನು ಇದಕ್ಕೇ ಹೊಂದಿಸಿಕೊಂಡದ್ದು ನಾನು ಮಾಡಿದ ಒಂದೇ ಜಾಣತನ.

ಮೊನ್ನೆ ದೊಡ್ಡಮ್ಮ ಫೋಟೊ ಕಳಿಸಿದ್ದರು. ಈ ಮಳೆಗೆ ನಾನು ಬರೆದ ಹೆಸರುಗಳೆಲ್ಲ ಅರ್ಧಕ್ಕರ್ಧ ಎದ್ದುಹೋಗಿವೆ. ಬಾಯ್ ಮಾವ ಎಳೆದ ಸೊಟ್ಟ ಗೆರೆ ಮಾತ್ರ ಹಾಗೇ ಇದೆ.