ತುಂಬು ಮಣ್ಣಿನ ಮೇಲೆ ನಿಂತ ನಮ್ಮ ಕಾರ್ ಶೆಡ್

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಕಾರ್ ಶೆಡ್ ಈ ವರ್ಷಕ್ಕೆ ಮೂರು ಮಳೆಗಾಲ ಕಂಡಿತು. ಧರೆ (ಗುಡ್ಡದ ಇಳಿಜಾರು) ಕಡಿದು ತುಂಬಿದ ಮಣ್ಣಿನ ಮೇಲೆ ಹೆಂಚಿನ ಮಾಡು (ಚಾವಣಿ) ನಿಲ್ಲುವುದಿಲ್ಲವೆಂದು ಮೇಸ್ತ್ರಿಯಿಂದ ಹಿಡಿದು ನಮ್ಮ ಭಾವನವರೆಗೆ ಎಲ್ಲರೂ ಹೇಳಿದ್ದರು. ಹಾಗಾಗಿ ನೆಲದಲ್ಲಿ ಬಿರುಕು ಬಾರದೆ ಮೂರು ಮಳೆ ದಾಟಿದ ಮೇಲೆಯೇ ಬರೆಯಬೇಕೆಂದು ಕಾದಿದ್ದೆ.

ಮೊದಲು ಅಂಗಳದ ಪಕ್ಕದಲ್ಲಿ ಜಿಂಕ್ ಶೀಟಿನ ಮಾಡು ಹಾಕಿಸಿದ್ದೆ. ಚಳಿಗಾಲದ ಬೆಳಗ್ಗೆ ಶೀಟಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಜೊತೆಗೆ ಅಡಿಕೆ ಒಣಗಿಸುವ ಜಾಗವೂ ಹೋಯಿತು. ಆಗಲೇ ಮನೆಯ ಹಿಂದಿನ ಇಳಿಜಾರನ್ನು ಬಳಸಲು ನಿರ್ಧರಿಸಿದೆ. ಆರ್‌ಸಿಸಿ ಚಾವಣಿಗೆ ಐದೂವರೆ ಲಕ್ಷ ರೂಪಾಯಿಯ ಅಂದಾಜು ಬಂದಿತ್ತು. ನನಗೆ ಎಲ್ಲ ಸೇರಿ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ ತಗುಲಿತು, ಅದರಲ್ಲಿ ಸುಮಾರು 40 ಸಾವಿರ ನನ್ನ ತಪ್ಪಿನ ದಂಡ.

ಆ ತಪ್ಪು ತಡೆಗೋಡೆಯದು. ಜೆಸಿಬಿಯಿಂದ ಧರೆ ಕಡಿಸಿ, ಹೊರ ಅಂಚಿನಲ್ಲಿ ಐದಡಿಯಷ್ಟು ಮಣ್ಣು ತುಂಬಿ, ಸಿಮೆಂಟ್ ಗಾರೆಯಲ್ಲಿ ಕಾಡುಗಲ್ಲಿನ ಗೋಡೆ ಕಟ್ಟಿಸಿದೆ, ಆದರೆ ನೀರು ಹೊರಹೋಗುವ ತೂತುಗಳನ್ನು ಎರಡೇ ಬಿಟ್ಟಿದ್ದೆ. ಜುಲೈ ಮಳೆಯಲ್ಲಿ ಮಣ್ಣು ನೀರು ಕುಡಿದು ಗೋಡೆ ಹೊಟ್ಟೆ ಬಿಟ್ಟಿತು. ಬಿಚ್ಚಿ ಕಟ್ಟಿಸುವಾಗ ಗೋಡೆಯ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ ತುಂಬಿಸಿ, ನಾಲ್ಕೈದು ಅಡಿಗೊಂದರಂತೆ ಪೈಪು ಇಡಿಸಿ, ಗೋಡೆಯನ್ನು ಮಣ್ಣಿನ ಕಡೆಗೆ ತುಸು ಒರಗಿಸಿದೆ. ಆರಾರು ಇಂಚಿನ ಪದರಗಳಲ್ಲಿ ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿಸಿ, ಇನ್ನೊಂದು ಮಳೆಗಾಲ ಏನನ್ನೂ ಕಟ್ಟದೆ ಬಿಟ್ಟೆ. ಅಷ್ಟಾದರೂ ನೆಲ ನಾಲ್ಕು ಇಂಚು ಇಳಿಯಿತು. ಆತುರಪಟ್ಟಿದ್ದರೆ ಆ ನಾಲ್ಕು ಇಂಚು ಕಾಂಕ್ರೀಟಿನಲ್ಲಿ ಬಿರುಕಾಗಿ ಕಾಣಿಸುತ್ತಿತ್ತು.

ಮಾಡಿನ ಭಾರವನ್ನು ಮಾತ್ರ ತುಂಬು ಮಣ್ಣಿನ ಮೇಲೆ ಹಾಕಲಿಲ್ಲ. ಹೊರಸಾಲಿನ ಕಂಬಗಳ ಗುಂಡಿಯನ್ನು ಆರಡಿ ಆಳಕ್ಕೆ, ಗಟ್ಟಿ ನೆಲ ಸಿಗುವವರೆಗೆ ತೋಡಿಸಿದೆ. ನೆಲದ ಕಾಂಕ್ರೀಟು ಕಂಬಕ್ಕೆ ಅಂಟದಂತೆ ಸುತ್ತ ಸಂದು ಬಿಡಿಸಿದ್ದರಿಂದ ಎರಡೂ ತಮ್ಮ ಪಾಡಿಗೆ ತಾವಿವೆ. ಶೆಡ್ಡಿನ ನಾಲ್ಕಡಿ ಎತ್ತರದ ಗೋಡೆಗೆ ಸುಮಾರು 450 ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹಿಡಿದವು, ಲಾರಿ ಬಾಡಿಗೆ ಸೇರಿ ಕಲ್ಲೊಂದಕ್ಕೆ 50 ರೂಪಾಯಿ ಬಿತ್ತು. ಗೋಡೆಯ ಮೇಲ್ಭಾಗ ತೆರೆದೇ ಇರುವುದರಿಂದ ಒದ್ದೆ ಕಾರು ಬೆಳಗಾಗುವುದರೊಳಗೆ ಒಣಗಿರುತ್ತದೆ.

ಹೆಂಚುಗಳು ನಾವು ಬಿಚ್ಚಿದ ಹಳೆಯ ಕೊಟ್ಟಿಗೆಯವು. ಸುಮಾರು 900ರಲ್ಲಿ 150 ಒಡೆದವು, ಉಳಿದದ್ದು ಸರಿಯಾಗಿ ಸಾಕಾಯಿತು. ಹದಿನೆಂಟು ಅಡಿ ಅಗಲದ ಮಾಡಿಗೆ ಐದಡಿಗಿಂತ ತುಸು ಹೆಚ್ಚು ಏರು ಕೊಟ್ಟೆ. ನಮ್ಮ ಗಾಳಿಮಳೆಗೆ ಅದಕ್ಕಿಂತ ಚಪ್ಪಟೆಯಾದರೆ ಹೆಂಚಿನ ಸಂದಿಯಿಂದ ನೀರು ಹಿಂದಕ್ಕೇರುತ್ತದೆ. ವೆಲ್ಡಿಂಗ್‌ನವರು ಹೊಸ ಹೆಂಚಿನ ಅಳತೆಗೆ ಕಬ್ಬಿಣದ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಕೂರಿಸಿದ್ದರಿಂದ ಹಳೆಯ ಹೆಂಚಿನ ಕೊಕ್ಕೆ ಹಿಡಿಯಲಿಲ್ಲ. ಕತ್ತರಿಸಿ ಮತ್ತೆ ಬೆಸೆಯಲು ಎಂಟು ಸಾವಿರ ಹೋಯಿತು. ಹತ್ತು ಹೆಂಚನ್ನು ನೆಲದಲ್ಲಿ ಜೋಡಿಸಿ ಅಳತೆ ತೆಗೆದುಕೊಂಡಿದ್ದರೆ ಇದು ಉಳಿಯುತ್ತಿತ್ತು. ಮಾಡಿನ ನೆತ್ತಿಯ ಗಾರೆಗೆ ಏನು ಬೆರೆಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಅಜ್ಜನ ಕಾಲದ ಹದ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಆ ಸಾಲಿನಿಂದ ಇದುವರೆಗೆ ಒಂದು ಹನಿಯೂ ಇಳಿದಿಲ್ಲ.

ಮಂಗಗಳ ಕಾಟಕ್ಕೆ ಮಾಡಿನ ಮೇಲೆ ಚಾಚಿದ್ದ ಹಲಸಿನ ಕೊಂಬೆಯನ್ನು ಕಡಿಸಿದೆ, ಹಾಗಾಗಿ ವರ್ಷಕ್ಕೆ ಐದಾರು ಹೆಂಚು ಬದಲಿಸಿದರೆ ಸಾಕು. ಬೆಳಕಿಗೆ ನಾಲ್ಕು ಗಾಜಿನ ಹೆಂಚು ಹಾಕಿದ್ದೇನೆ.

ಕಳೆದ ಮಳೆಗಾಲದಲ್ಲಿ ಮಾಡಿನ ಒಂದು ಬದಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿ, ಆ ನೀರನ್ನು ಸಾವಿರ ಲೀಟರಿನ ಟ್ಯಾಂಕಿಗೆ ಬಿಟ್ಟು ನೋಡಿದೆ. ಮಾಡಿನ ಅರ್ಧ ಭಾಗದ ನೀರೇ ಆದರೂ ಎರಡು ಇಂಚು ಮಳೆಗೆ ಟ್ಯಾಂಕು ತುಂಬಿತು, ಜುಲೈಯಲ್ಲಿ ಅದು ಅರ್ಧ ದಿನದ ಮಾತು. ಉಕ್ಕಿದ ನೀರು ತಡೆಗೋಡೆಯ ಬುಡಕ್ಕೆ ಇಳಿಯುವುದನ್ನು ಕಂಡು ಅದನ್ನು ಪೈಪಿನಲ್ಲಿ ತೋಟದ ಕಪ್ಪಿಗೆ (ನೀರು ಹರಿಯುವ ಕಾಲುವೆಗೆ) ತಿರುಗಿಸಿದೆ. ಇನ್ನೊಂದು ಬದಿಯ ದೋಣಿಯನ್ನು ಈ ಬೇಸಿಗೆಯಲ್ಲಿ ಕಟ್ಟಿಸುವವನಿದ್ದೇನೆ.